ಅಳಿಸಿ ಹೋದ ಗೇಮ್ ಶೋಗಳ ಹುಡುಕಾಟ

ಅಮೆರಿಕದ ‘ಜೆಪರ್ಡಿ’ ಕ್ವಿಝ್ ಶೋ 1964ರಿಂದ 1975ರವರೆಗೆ ಎನ್‌ಬಿಸಿ ಚಾನೆಲ್‌ನಲ್ಲಿ ಬರುತ್ತಿತ್ತು. ನಡೆಸಿಕೊಡುತ್ತಿದ್ದವರು ಆರ್ಟ್ ಫ್ಲೆಮಿಂಗ್. 2,700ಕ್ಕೂ ಹೆಚ್ಚು ಕಂತುಗಳಾದವು. ಇವತ್ತು ಉಳಿದಿರುವುದು ಅದರಲ್ಲಿ ತೀರಾ ಕೆಲವು. ಬಾಕಿದ್ದನ್ನು ಚಾನೆಲ್‌ನವರೇ ಅಳಿಸಿ ಹಾಕಿದ್ರು.

ಕಾರಣ ದುಡ್ಡು. ಆಗಿನ ಎರಡಿಂಚು ಅಗಲದ ವೀಡಿಯೊ ಟೇಪ್ ಬಹಳ ದುಬಾರಿ, ಇಡ್ಲಿಕ್ಕೆ ಜಾಗವೂ ಬೇಕು. ಆದರೆ ಒಂದೇ ರೀಲನ್ನು ಅಳಿಸಿ ಮತ್ತೆ ಮತ್ತೆ ಬಳಸಬಹುದಿತ್ತು. ಹಗಲು ಹೊತ್ತಿನ ಗೇಮ್ ಶೋವನ್ನು ಎರಡನೇ ಸಲ ಯಾರು ನೋಡ್ತಾರೆ ಎಂಬುದು ಅವರ ಲೆಕ್ಕ. ಅಂಗಡಿ ಇಟ್ಟವನಾಗಿ ನನಗೆ ಅದು ಅರ್ಥವಾಗುತ್ತದೆ, ಖಾಲಿ ಡಬ್ಬಕ್ಕೆ ನಾವೂ ಮತ್ತೆ ಸಾಮಾನು ತುಂಬಿಸ್ತೇವೆ. ಇಲ್ಲಿ ಮಾತ್ರ ಡಬ್ಬ ಖಾಲಿ ಇರಲಿಲ್ಲ.

ಸಿಬಿಎಸ್‌ನ ‘ವಾಟ್ಸ್ ಮೈ ಲೈನ್’ (1950–67) ಬಹುಮಟ್ಟಿಗೆ ಬಚಾವಾಯ್ತು. ಅದನ್ನು ಪರದೆಯಿಂದಲೇ ಫಿಲ್ಮಿಗೆ ಇಳಿಸಿ ಇಟ್ಟಿದ್ದರು.

ಉಳಿದವಕ್ಕೆ ಅಭಿಮಾನಿಗಳು ಹುಡುಕುವುದು ಹಳೇ ಸ್ಪರ್ಧಿಗಳ ಮನೆಗಳಲ್ಲಿ, ಸಿಬ್ಬಂದಿಯ ಅಟ್ಟಗಳಲ್ಲಿ. ಟಿವಿ ಎದುರು ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಬರೀ ಧ್ವನಿ ಸಿಕ್ಕಿದರೂ ಅವರಿಗೆ ಖುಷಿ. ತಾರೀಕು ಇಲ್ಲದ ಕಂತು ಸಿಕ್ಕಿದರೆ ಚರ್ಚೆ ಶುರು: ಬಹುಮಾನಕ್ಕೆ ಇಟ್ಟ ಕಾರು ಯಾವ ಮಾಡೆಲ್, ಸೆಟ್ ಬದಲಾದದ್ದು ಯಾವಾಗ, ಕೊನೆಯ ಹೆಸರುಗಳ ಜೊತೆ ಯಾವ ವರ್ಷ ಬರೆದಿದೆ?

ಆದರೆ ಮನೆಯ ಕ್ಯಾಸೆಟ್ ಕೂಡ ಶಾಶ್ವತ ಅಲ್ಲ. ಗಲ್ಫ್‌ನಿಂದ ವಿಸಿಆರ್ ಬಂದ ಕಾಲದ ಮದುವೆ ಕ್ಯಾಸೆಟ್ ಇಟ್ಟವರಿಗೆ ಫಂಗಸ್ ಅಂದ್ರೆ ಏನೆಂದು ಗೊತ್ತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪೆನಿ, ಜಪಾನಿನ ಫುನಾಯ್, 2016ರಲ್ಲಿ ಅದನ್ನು ನಿಲ್ಲಿಸಿತು. ಈಗ ಕ್ಯಾಸೆಟ್ ಸಿಕ್ಕಿದರೆ, ಓಡಿಸುವ ಮೆಷಿನ್ ಬೇರೆ ಹುಡುಕಬೇಕು.