ನಿಂತ ಮೋಟಾರು ಗಾಡಿಯ ಸಂರಕ್ಷಣೆ

ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನುಷ್ಯನನ್ನು ಕುರಿತ ಈ ಮಾತು ಮೋಟಾರು ಗಾಡಿಗೂ ಅಷ್ಟೇ ಸಲ್ಲುತ್ತದೆ. ಓಡುವ ಗಾಡಿಯು ಸವೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ನಿಂತ ಗಾಡಿಯು ನಿಂತಲ್ಲಿಯೇ ಕೆಡುತ್ತಿರುತ್ತದೆಂಬುದನ್ನು ಅರಿತವರು ವಿರಳ.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂತಹ ಮಲೆನಾಡಿನ ಸೆರಗಿನ ಊರುಗಳಲ್ಲಿ ಈ ಸಂಗತಿಯನ್ನು ಅವಶ್ಯವಾಗಿ ವಿಚಾರಿಸಬೇಕಾಗಿದೆ. ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಉದ್ಯೋಗದಲ್ಲಿರುತ್ತಾರೆ. ಮನೆಯಲ್ಲಿ ಉಳಿದವರು ವೃದ್ಧರು. ಯಜಮಾನರು ಗತಿಸಿದರೆ, ಇಲ್ಲವೆ ದೃಷ್ಟಿ ಮಂದವಾಗಿ ಚಾಲನೆಯನ್ನು ಬಿಟ್ಟರೆ, ಕಾರು ಕೊಟ್ಟಿಗೆಯನ್ನು ಸೇರುತ್ತದೆ. ಮಗನು ಬಂದ ಮೇಲೆ ನೋಡೋಣವೆಂದು ಎಲ್ಲರೂ ಸುಮ್ಮನಾಗುತ್ತಾರೆ. ಎರಡು ಮಳೆಗಾಲ ಕಳೆದು ಮಗನು ಬಂದು ಬೀಗದ ಕೈ ತಿರುಗಿಸಿದರೆ ಯಂತ್ರವು ಉಸಿರೆತ್ತುವುದಿಲ್ಲ. ತಂದೆಯು ಹೊಟ್ಟೆಬಟ್ಟೆ ಕಟ್ಟಿ ಕೊಂಡ ವಸ್ತುವು ಗುಜರಿಯವನ ತಕ್ಕಡಿಯನ್ನು ಏರುತ್ತದೆ. ಇದು ವಿಧಿಯ ಕೆಲಸವಲ್ಲ, ಅಲಕ್ಷ್ಯದ ಫಲ.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಎಷ್ಟೋ ಕಾರುಗಳು ಮನೆಯಲ್ಲಿ ನಿಂತವು. 2020ನೆಯ ಮಾರ್ಚಿ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ನಗರವಾಸಿಗಳಿಗೂ ಅದೇ ಪಾಠವಾಯಿತು. ಕೆಲವು ವಾರಗಳ ನಿಲುಗಡೆಗೇ ಬ್ಯಾಟರಿಯು ಬರಿದಾಗಬಲ್ಲುದಾದರೆ, ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ನಿಂತುದರ ಗತಿಯೇನು?

ಗೃಹಸ್ಥರು ಮೊದಲು ಮಾಡತಕ್ಕದ್ದು ನಿಶ್ಚಯ. ಗಾಡಿಯು ಆಪತ್ಕಾಲಕ್ಕೆ ಬೇಕೆಂದಾದರೆ, ನಂಬಿಕೆಯ ಚಾಲಕನಿಂದ ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಬೇಕು. ಬೇಡವೆಂದಾದರೆ ಕ್ರಮವರಿತು ನಿಲ್ಲಿಸಬೇಕು. ಇವೆರಡರ ನಡುವಣ ದಾರಿಯೇ ಅನರ್ಥಕರವಾದುದು. ಕೊಟ್ಟಿಗೆಯಲ್ಲಿಯೇ ಐದು ನಿಮಿಷ ಯಂತ್ರವನ್ನು ಗುಡುಗಿಸಿ ನಿಲ್ಲಿಸುವುದನ್ನು ಅನೇಕರು ಆರೈಕೆಯೆಂದು ತಿಳಿದಿದ್ದಾರೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಯಂತ್ರವು ಚೆನ್ನಾಗಿ ಕಾಯದಿದ್ದರೆ ಆ ಆವಿಯು ಹೊಗೆಕೊಳವೆಯಲ್ಲಿಯೂ ಎಣ್ಣೆಯಲ್ಲಿಯೂ ನೀರಾಗಿ ನಿಂತು ತುಕ್ಕನ್ನು ತರುತ್ತದೆ. ಚಾಲೂ ಮಾಡಲು ಬ್ಯಾಟರಿಯಿಂದ ತೆಗೆದ ಶಕ್ತಿಯೂ ಅಷ್ಟು ಹೊತ್ತಿನಲ್ಲಿ ಮರಳಿ ತುಂಬುವುದಿಲ್ಲ.

ಇನ್ನು ನಿಲ್ಲಿಸುವ ಕ್ರಮ. ದನದ ಕೊಟ್ಟಿಗೆಯ ಮಗ್ಗುಲೂ ರಸಗೊಬ್ಬರದ ಚೀಲಗಳ ನೆರೆಯೂ ಸಲ್ಲದು. ಗಂಜಲದ ಅಮೋನಿಯವೂ ಗೊಬ್ಬರದ ಲವಣವೂ ಲೋಹವನ್ನು ತಿನ್ನುತ್ತವೆ. ಮಣ್ಣಿನ ನೆಲಕ್ಕಿಂತ ಗಾರೆ ನೆಲವು ಲೇಸು. ಗಾಡಿಯ ಅಡಿಭಾಗದ ಕೆಸರನ್ನು ತೊಳೆದು ಚೆನ್ನಾಗಿ ಆರಿಸಬೇಕು. ಬಳಸಿದ ಎಣ್ಣೆಯಲ್ಲಿ ಆಮ್ಲಾಂಶ ಸೇರಿರುವುದರಿಂದ, ನಿಲ್ಲಿಸುವ ಮೊದಲೇ ಹೊಸ ಎಣ್ಣೆಯನ್ನು ಹಾಕಿಸಿ ಸ್ವಲ್ಪ ದೂರ ಓಡಿಸಬೇಕು.

ಪೆಟ್ರೋಲಿನ ವಿಷಯದಲ್ಲಿ ಈಗ ಹೆಚ್ಚಿನ ಎಚ್ಚರ ಬೇಕು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಏರಿತು. ಎಥನಾಲು ಗಾಳಿಯ ತೇವವನ್ನು ಹೀರುವ ದ್ರವ. ನೀರು ಮಿತಿಮೀರಿದರೆ ಅದರೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ನಿಲುಗಡೆಯು ಕೆಲವು ತಿಂಗಳದಾದರೆ ಟ್ಯಾಂಕನ್ನು ತುಂಬಿಸಿಡಬೇಕು. ಖಾಲಿ ಜಾಗ ಕಡಮೆಯಾದಷ್ಟೂ ತೇವಕ್ಕೆ ಎಡೆ ಕಡಮೆ. ವರ್ಷಕ್ಕೆ ಮೀರುವುದಾದರೆ ಮೆಕ್ಯಾನಿಕ್ಕನಿಂದ ಪೆಟ್ರೋಲನ್ನು ತೆಗೆಸುವುದೇ ಯುಕ್ತ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರಿನಂತಹ ಹಳೆಯ ಗಾಡಿಗಳ ರಬ್ಬರು ಕೊಳವೆಗಳಿಗೆ ಈ ಮಿಶ್ರಣವು ಒಗ್ಗದೆಂಬುದನ್ನೂ ನೆನೆಯತಕ್ಕದ್ದು.

ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿಸಬೇಕು. ತುಂಬಿದ ಬ್ಯಾಟರಿಯು ವಿರಾಮದಲ್ಲಿ ಸುಮಾರು 12.6 ವೋಲ್ಟು ತೋರಿಸಬೇಕು. ಟೈರುಗಳು ಒಂದೇ ಮಗ್ಗುಲಿಗೆ ಭಾರ ಹೊತ್ತು ಚಪ್ಪಟೆಯಾಗದಂತೆ, ತಯಾರಕರು ಗುರುತಿಸಿರುವ ಸ್ಥಳಗಳಲ್ಲಿ ಕಬ್ಬಿಣದ ಆಧಾರಗಳ ಮೇಲೆ ಗಾಡಿಯನ್ನು ಎತ್ತಿ ನಿಲ್ಲಿಸಬಹುದು. ಇಟ್ಟಿಗೆಯ ಅಟ್ಟಿ ಮಾತ್ರ ಬೇಡ, ಅದು ಒಡೆದರೆ ಪ್ರಾಣಾಪಾಯ. ಗಾಲಿಗಳು ನೆಲದ ಮೇಲೆಯೇ ಇರುವುದಾದರೆ ಗಾಳಿಯನ್ನು ಸರಿಯಾಗಿ ತುಂಬಿ, ಆಗಾಗ ಗಾಡಿಯನ್ನು ತುಸು ಮುಂದಕ್ಕೆ ನೂಕಬೇಕು. ಕೈಬ್ರೇಕನ್ನು ಎಳೆದಿಡಬಾರದು, ತೇವದಲ್ಲಿ ಅದು ಗಾಲಿಗೆ ಅಂಟಿಕೊಳ್ಳುತ್ತದೆ. ಗಾಲಿಗೆ ಮರದ ತುಂಡನ್ನು ಕೊಟ್ಟರೆ ಸಾಕು. ನಮ್ಮ ಊರುಗಳ ತೇರು ನಿಲ್ಲುವುದೂ ಹೀಗೆಯೇ ಅಲ್ಲವೆ?

ಇಲಿಗಳ ಕಾಟವು ಎಲ್ಲಕ್ಕಿಂತ ಮಿಗಿಲು. ಅವು ತಂತಿಗಳನ್ನು ಕಡಿದರೆ ಸಾವಿರಾರು ರೂಪಾಯಿ ವ್ಯರ್ಥ. ಹೊಗೆಕೊಳವೆಯ ಬಾಯಿಗೂ ಗಾಳಿ ಹೀರುವ ದ್ವಾರಕ್ಕೂ ತಂತಿಬಲೆ ಕಟ್ಟಿ, ಅದನ್ನು ಬಿಚ್ಚಬೇಕೆಂದು ಚೀಟಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸಬೇಕು. ಪ್ಲಾಸ್ಟಿಕ್ಕಿನ ಹೊದಿಕೆಯು ತೇವವನ್ನು ಒಳಗೇ ಹಿಡಿದಿಟ್ಟು ಬೂಷ್ಟನ್ನು ಬೆಳೆಸುತ್ತದೆ. ಗಾಳಿಯಾಡುವ ಬಟ್ಟೆಯೇ ಉತ್ತಮ.

ಕಾಗದಪತ್ರಗಳನ್ನೂ ಮರೆಯಬಾರದು. ವಿಮೆಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ, ಅಪಘಾತವಿಲ್ಲದ ವರ್ಷಗಳಿಂದ ಗಳಿಸಿದ ರಿಯಾಯಿತಿಯು ಹೋಗುತ್ತದೆ. ನಿಂತ ಗಾಡಿಗೂ ಬೆಂಕಿಯ ಮತ್ತು ಕಳ್ಳರ ಭಯವುಂಟು. ನೋಂದಣಿಯ 15 ವರ್ಷಗಳು ಕೊಟ್ಟಿಗೆಯಲ್ಲಿಯೂ ಉರುಳುತ್ತಿರುತ್ತವೆ. ಯಜಮಾನರು ಗತಿಸಿದ್ದರೆ ಹೆಸರಿನ ವರ್ಗಾವಣೆಯನ್ನು ಮುಂದೂಡುವುದು ಮತ್ತೊಂದು ತೊಡಕಿಗೆ ದಾರಿ.

ಧರ್ಮಸ್ಥಳದ ವಾಹನ ಸಂಗ್ರಹವನ್ನು ನೋಡಿದವರು ತಲೆಮಾರುಗಳ ಹಿಂದಿನ ಕಾರುಗಳು ಕಳೆಗುಂದದೆ ನಿಂತಿರುವುದನ್ನು ಕಂಡಿದ್ದಾರೆ. ಅಲ್ಲಿರುವುದು ಮಂತ್ರವಲ್ಲ, ನಿತ್ಯದ ಆರೈಕೆ. ಗೆಂಡೆಹಳ್ಳಿಯ ಗೃಹಸ್ಥನಿಗೂ ಅದು ಸಾಧ್ಯ; ಒಂದು ದಿನದ ದುಡಿಮೆ, ತಿಂಗಳಿಗೊಮ್ಮೆ ಅರ್ಧ ಗಂಟೆಯ ಗಮನ ಸಾಕು. ಮಳೆಗಾಲಕ್ಕೆ ಸೌದೆಯನ್ನು ಒಟ್ಟಿ, ಮಾಡಿನ ಹೆಂಚನ್ನು ಕೈಯಾಡಿಸುವ ನಮ್ಮ ಜನಕ್ಕೆ ಮುಂಜಾಗ್ರತೆಯು ಹೊಸ ವಿದ್ಯೆಯಲ್ಲ. ಆ ಗುಣವನ್ನು ಕೊಟ್ಟಿಗೆಯಲ್ಲಿ ನಿಂತ ಗಾಡಿಗೂ ವಿಸ್ತರಿಸಿರಿ ಎಂಬುದಿಷ್ಟೇ ನಮ್ಮ ವಿಜ್ಞಾಪನೆ.