ಗೇಟಿನೊಳಗೊಂದು ಗುರುತಿನ ಮುಖ

ಶಾಲೆ ಶುರುವಾದ ಮೊದಲ ವಾರ ಯಾವುದೇ ಊರಿನ ಎಲ್‌ಕೆಜಿ ಗೇಟಿನ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ಆ ಪುಟ್ಟಿ ನೋಡು, ಒಂಚೂರೂ ಅಳ್ತಿಲ್ಲ. ಎಷ್ಟು ಜಾಣೆ!’ ಅಳದ ಮಗು ಶಾಲೆಗೆ ಸಿದ್ಧ, ಅಳುವ ಮಗು ಇನ್ನೂ ಸಿದ್ಧವಾಗಿಲ್ಲ ಎಂಬ ಈ ಲೆಕ್ಕಾಚಾರ ಹೆತ್ತವರಲ್ಲಷ್ಟೇ ಅಲ್ಲ, ಎಷ್ಟೋ ಶಿಕ್ಷಕರಲ್ಲೂ ಬೇರೂರಿದೆ. ಇದನ್ನು ನಂಬಬಾರದು ಎಂಬುದಕ್ಕೆ ಹಳೆಯದೊಂದು ಸಾಕ್ಷ್ಯಚಿತ್ರವೇ ಆಧಾರ.

ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಅವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ, 1952ರಲ್ಲಿ ಅದನ್ನು ವೈದ್ಯರ ಮುಂದಿಟ್ಟರು. ಆ ಕಾಲದ ಬ್ರಿಟಿಷ್ ಆಸ್ಪತ್ರೆಗಳಲ್ಲಿ ಹೆತ್ತವರು ಬಂದು ಹೋಗುವುದಕ್ಕೆ ಬಿಗಿಯಾದ ಕಟ್ಟುಪಾಡುಗಳಿದ್ದವು. ಮಕ್ಕಳು ಮೊದಮೊದಲು ಅತ್ತು ಆಮೇಲೆ ಸುಮ್ಮನಾಗುತ್ತಿದ್ದರು. ಸಿಬ್ಬಂದಿ ಅದನ್ನು ‘ಹೊಂದಿಕೊಂಡರು’ ಎಂದೇ ತಿಳಿಯುತ್ತಿದ್ದರು. ರಾಬರ್ಟ್‌ಸನ್ ಕಂಡದ್ದು ಬೇರೆ. ಮೊದಲು ಪ್ರತಿಭಟನೆ, ನಂತರ ಹತಾಶೆ, ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸುವ ವಿಮುಖತೆ. ವೈದ್ಯರು ಮೊದಲು ಸಿಟ್ಟಾದರು. ಆದರೆ 1959ರಲ್ಲಿ ಬ್ರಿಟನ್ ಸರ್ಕಾರದ ಪ್ಲಾಟ್ ಸಮಿತಿಯ ವರದಿ ಹೆತ್ತವರ ಭೇಟಿಗೆ ನಿರ್ಬಂಧ ಇರಬಾರದೆಂದು ಶಿಫಾರಸು ಮಾಡಿತು.

ಶಾಲೆಯ ಮೂರು ಗಂಟೆಯ ಅಗಲಿಕೆಯನ್ನು ಆಸ್ಪತ್ರೆಯ ಎಂಟು ದಿನಕ್ಕೆ ಹೋಲಿಸುವಂತಿಲ್ಲ, ನಿಜ. ಆದರೂ ಮೂಲೆಯಲ್ಲಿ ಬ್ಯಾಗು ತಬ್ಬಿಕೊಂಡು, ಡಬ್ಬಿ ತೆರೆಯದೆ ಮೌನವಾಗಿ ಕುಳಿತ ಮಗುವನ್ನು ‘ಇವನದೇನೂ ಗಲಾಟೆಯಿಲ್ಲ’ ಎಂದು ದಾಟಿ ಹೋಗುವ ಮುನ್ನ ಆ ಚಿತ್ರ ನೆನಪಾಗಬೇಕು. ಜೋರಾಗಿ ಅಳುವ ಮಗುವನ್ನು ಯಾರಾದರೂ ಎತ್ತಿಕೊಳ್ಳುತ್ತಾರೆ. ಸುಮ್ಮನಿರುವ ಮಗುವಿನ ಬಳಿ ಯಾರೂ ಹೋಗುವುದಿಲ್ಲ.

ಹಾಗಾದರೆ ಮಗು ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ? ಜರ್ಮನಿಯ ಶಿಶುಕೇಂದ್ರಗಳು ಇದಕ್ಕೆ ಬಹಳ ಒಳ್ಳೆಯ ಉತ್ತರ ಕಂಡುಕೊಂಡಿವೆ. 1980ರ ದಶಕದಲ್ಲಿ ಬರ್ಲಿನ್‌ನಲ್ಲಿ ರೂಪುಗೊಂಡು, ಇಂದು ಆ ದೇಶದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಕ್ರಮದಲ್ಲಿ ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಮಗುವಿನ ಜೊತೆಗೇ ಕೂರುತ್ತಾರೆ. ನಾಲ್ಕನೆಯ ದಿನ ಮಗುವಿಗೆ ಹೇಳಿಯೇ ಕೆಲವು ನಿಮಿಷ ಹೊರಗೆ ಹೋಗುತ್ತಾರೆ. ಆಗ ಮಗು ಅತ್ತಿತೇ ಎಂಬುದು ಅಲ್ಲಿ ಮುಖ್ಯವಲ್ಲ. ಶಿಕ್ಷಕಿ ಸಮಾಧಾನ ಮಾಡಿದಾಗ ಸಮಾಧಾನವಾಯಿತೇ ಎಂಬುದು ಮುಖ್ಯ. ಆಗಿದ್ದರೆ ವಾರದ ಆಸುಪಾಸಿನಲ್ಲಿ ಮಗು ಒಗ್ಗಿಕೊಳ್ಳುತ್ತದೆ. ಆಗದಿದ್ದರೆ ಎರಡು ಮೂರು ವಾರ ಹಿಡಿಯುತ್ತದೆ. ಆ ಸಮಯವನ್ನು ಕೊಡಲಾಗುತ್ತದೆ.

ನಮ್ಮಲ್ಲಿ ಗೇಟಿನಾಚೆಗೆ ಹೆತ್ತವರಿಗೆ ಪ್ರವೇಶವೇ ಇಲ್ಲದ ಶಾಲೆಗಳು ಬಹಳ. ಆದರೆ ಅಂಗನವಾಡಿಗಳನ್ನು ನೋಡಿ. ಅವುಗಳನ್ನು ಹುಟ್ಟುಹಾಕಿದ, 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ (ಐಸಿಡಿಎಸ್) ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂಗನವಾಡಿಗೆ ಬರುವ ಮೂರು ವರ್ಷದ ಮಗುವಿಗೆ ಅಲ್ಲಿನ ಕಾರ್ಯಕರ್ತೆ ಹೊಸಬಳಲ್ಲ. ತಿಂಗಳ ಕೂಸಾಗಿದ್ದಾಗ ತೂಕ ನೋಡಿದವಳು, ಪೌಷ್ಟಿಕ ಆಹಾರದ ಪೊಟ್ಟಣ ಕೊಟ್ಟವಳು ಅವಳೇ. ಎಷ್ಟೋ ಊರುಗಳಲ್ಲಿ ಸಹಾಯಕಿಯೇ ಮನೆಮನೆಗೆ ಹೋಗಿ ಮಕ್ಕಳನ್ನು ಕೈಹಿಡಿದು ಕರೆತರುತ್ತಾಳೆ. ಸೌಲಭ್ಯಗಳ ಕೊರತೆ ಎಷ್ಟೇ ಇರಲಿ, ಒಳಗೊಂದು ಗುರುತಿನ ಮುಖವಿರುವ ಈ ಭಾಗ್ಯ ದುಬಾರಿ ಶುಲ್ಕದ ಅನೇಕ ಶಾಲೆಗಳಿಗಿಲ್ಲ.

ಆ ಪರಿಚಯವನ್ನು ಬೇರೆ ಕಡೆಯೂ ಬೆಳೆಸಬಹುದು. ಶಾಲೆಗೆ ಸೇರಿಸುವುದು ನಿಶ್ಚಯವಾದ ಕೂಡಲೇ, ಬೇಸಿಗೆ ರಜೆಗೆ ಮುಂಚೆ ಒಂದು ದಿನ ಮಗುವನ್ನು ಕರೆದೊಯ್ದು ತರಗತಿ, ಆಟದ ಜಾಗ, ಮುಖ್ಯವಾಗಿ ಶೌಚಾಲಯ ತೋರಿಸಬೇಕು. ಫ್ಲ್ಯಾಟಿನಲ್ಲಿ ಕಮೋಡಿನ ಮೇಲೆ ಕೂತೇ ರೂಢಿಯಾದ ಮಗು ನೆಲಮಟ್ಟದ ಪಾಯಿಖಾನೆ ಕಂಡು ಹೆದರಿ ಮಧ್ಯಾಹ್ನದವರೆಗೂ ಮೂತ್ರ ಕಟ್ಟಿಕೊಂಡಿರುತ್ತದೆ. ದೊಡ್ಡವರು ಅದಕ್ಕೆ ಹಠ ಎಂದು ಹೆಸರಿಡುತ್ತಾರೆ. ಮನೆಯಲ್ಲಿ ತುಳು, ಉರ್ದು ಅಥವಾ ಲಂಬಾಣಿ ಆಡುವ ಮಗು ನೀರು ಬೇಕೆಂದು, ಒಂದಕ್ಕೆ ಹೋಗಬೇಕೆಂದು ಹೇಗೆ ಕೇಳುತ್ತದೆ ಎಂಬುದು ಶಿಕ್ಷಕಿಗೆ ಮೊದಲ ದಿನವೇ ಗೊತ್ತಿರಬೇಕು. ಡಬ್ಬಿಯ ಮುಚ್ಚಳ ತಾನೇ ತೆಗೆಯುವ, ಚಪ್ಪಲಿ ತಾನೇ ಹಾಕಿಕೊಳ್ಳುವ ಮಗುವಿಗೆ ಬರುವ ಧೈರ್ಯವನ್ನು ಅಆಇಈ ಬಾಯಿಪಾಠ ಕೊಡಲಾರದು.

ಇನ್ನು ಮನೆಯ ಮಾತು. ‘ಊಟ ಮಾಡ್ತೀಯೋ ಇಲ್ಲ ಸ್ಕೂಲಿಗೆ ಹಾಕಿಬಿಡ್ಲೋ?’, ‘ಇರು, ನಿಮ್ ಮಿಸ್‌ಗೆ ಹೇಳ್ತೀನಿ’. ವರ್ಷವಿಡೀ ಹೀಗೆ ಶಾಲೆಯನ್ನು ಶಿಕ್ಷೆಯನ್ನಾಗಿ ಮಾಡಿ, ಜೂನ್ ಬಂದಾಗ ಅಲ್ಲಿಗೆ ನಗುನಗುತ್ತಾ ಹೋಗು ಎಂದರೆ ಮಗು ಹೇಗೆ ನಂಬೀತು? ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಿಕ್ಷಕರ ಹೆಸರಲ್ಲಿ ಬೆದರಿಸುವ ಹಕ್ಕು ಹೆತ್ತವರಿಗೂ ಇರಬಾರದು.

ಅದಕ್ಕಿಂತ ದೊಡ್ಡ ಅನ್ಯಾಯ ಕಣ್ಣುತಪ್ಪಿಸಿ ಹೊರಟುಬಿಡುವುದು. ಗೊಂಬೆ ತೋರಿಸಿ ಅಮ್ಮ ಮಾಯವಾದರೆ ಆ ಕ್ಷಣದ ಅಳು ತಪ್ಪಬಹುದು, ಆದರೆ ಮರುದಿನದಿಂದ ಮಗು ಸೆರಗು ಬಿಡುವುದಿಲ್ಲ. ಅಡುಗೆಮನೆಗೆ ಹೋದರೂ ಹಿಂದೆಯೇ ಬರುತ್ತದೆ. ಟಾಟಾ ಹೇಳಿ, ಒಮ್ಮೆ ಅಪ್ಪಿಕೊಂಡು, ಹೊರಡಬೇಕು; ಮಗು ಅತ್ತರೂ ಸರಿಯೇ. ಹನ್ನೆರಡೂವರೆಗೆ ಬರುತ್ತೇನೆ ಎಂಬುದು ನಾಲ್ಕು ವರ್ಷದವರಿಗೆ ಅರ್ಥವಾಗದು. ‘ಡಬ್ಬಿ ಊಟ ಆಗಿ, ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ಬರ್ತಾರೆ’ ಎಂದರೆ ಅರ್ಥವಾಗುತ್ತದೆ. ಹೇಳಿದಂತೆ ಅಜ್ಜಿಯೇ ಹೋಗಬೇಕು, ತಡವಾಗಬಾರದು.

ವಯಸ್ಸಿನ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. ಪೋಷಕರ ಒತ್ತಾಯದಿಂದ 2025ರಲ್ಲಿ ಸಡಿಲಿಸಬೇಕಾಯಿತು. ಒಂದು ವರ್ಷ ವ್ಯರ್ಥವಾಗುತ್ತದೆ ಎಂಬ ಅವರ ಆತಂಕ ಅರ್ಥವಾಗುವಂಥದ್ದೇ. ಆದರೆ ಈ ವಯಸ್ಸಿನಲ್ಲಿ ಆರು ತಿಂಗಳ ಬೆಳವಣಿಗೆಯೂ ಬಹಳ ದೊಡ್ಡದು.

ಶಾಲೆಯಿಂದ ಬಂದ ಮೇಲೆ ರಂಪ ಮಾಡುವ, ಬಿಟ್ಟಿದ್ದ ಬೆರಳು ಚೀಪುವಿಕೆ ಮತ್ತೆ ಶುರು ಮಾಡುವ ಮಕ್ಕಳು ಅನೇಕ. ಅಷ್ಟು ಹೊತ್ತು ತಡೆದದ್ದೆಲ್ಲ ಮನೆಯಲ್ಲಿ ಹೊರಬರುತ್ತದೆ. ಆಗ ‘ಇವತ್ತೇನು ಕಲಿಸಿದ್ರು?’ ಎಂಬ ವಿಚಾರಣೆಗಿಂತ ತಿಂಡಿ ಕೊಟ್ಟು ಪಕ್ಕದಲ್ಲಿ ಕೂರುವುದು ಒಳ್ಳೆಯದು. ಭಾನುವಾರ ಕಳೆದು ಸೋಮವಾರ ಅಳು ಮರುಕಳಿಸಿದರೂ ಗಾಬರಿ ಬೇಡ. ವಾರಗಳು ಉರುಳಿದರೂ ಮಗು ಊಟ, ನಿದ್ದೆ ಬಿಟ್ಟು ನಲುಗುತ್ತಿದ್ದರೆ ಮೊದಲು ಶಿಕ್ಷಕಿಯ ಜೊತೆ, ಬಳಿಕ ಮಕ್ಕಳ ವೈದ್ಯರ ಜೊತೆ ಮಾತಾಡಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯೂ ಇದೆ: 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.