ದುಡಿಯುತ್ತಲೇ ಮನೋಚಿಕಿತ್ಸಕರಾಗಬಹುದೇ?

ಪ್ರಶ್ನೆ: ಕೊಡಗಿನಲ್ಲಿ ಉದ್ಯೋಗದಲ್ಲಿರುವವರು ಮನಃಶಾಸ್ತ್ರ ಓದಿ ಮನೋಚಿಕಿತ್ಸೆಯನ್ನು ವೃತ್ತಿಯಾಗಿಸಿಕೊಳ್ಳಲು ಸಾಧ್ಯವೇ?

ಉತ್ತರ: ಸಾಧ್ಯವಿದೆ; ಆದರೆ ಓದು, ತರಬೇತಿ, ನೋಂದಣಿ ಎಂಬ ಮೂರೂ ಹಂತಗಳನ್ನು ಉದ್ಯೋಗದ ಜೊತೆಜೊತೆಗೇ ಪೂರೈಸುವುದು ಕಷ್ಟ. ಔಷಧ ಬರೆಯುವ ಮನೋವೈದ್ಯರು ವೈದ್ಯಕೀಯ ಪದವೀಧರರಾಗಿದ್ದರೆ, ಮನೋಪರೀಕ್ಷೆ ಹಾಗೂ ಕ್ರಮಬದ್ಧ ಸಂವಾದದ ಮೂಲಕ ಚಿಕಿತ್ಸೆ ನೀಡುವ ಚಿಕಿತ್ಸಾ ಮನಃಶಾಸ್ತ್ರಜ್ಞರು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಈ ನೋಂದಣಿಗೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಮಾನ್ಯತೆ ಪಡೆದ ಸಂಸ್ಥೆಯಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ನಡೆಸುವ ಪೂರ್ಣಾವಧಿ ತರಬೇತಿ ಅಗತ್ಯವಾದುದರಿಂದ, ಆ ಅವಧಿಗೆ ಉದ್ಯೋಗವನ್ನು ಬಿಡಬೇಕಾಗುತ್ತದೆ ಅಥವಾ ದೀರ್ಘ ರಜೆ ಪಡೆಯಬೇಕಾಗುತ್ತದೆ.

ದುಡಿಯುವವರಿಗೆ ಬಹುಕಾಲ ಆಸರೆಯಾಗಿದ್ದ ದೂರಶಿಕ್ಷಣದ ದಾರಿಯೂ ಈಗ ಕಿರಿದಾಗಿದೆ. ಆರೋಗ್ಯಪೂರಕ ವೃತ್ತಿಗಳನ್ನು ನಿಯಂತ್ರಿಸುವ 2021ರ ಕಾಯ್ದೆಯ ವ್ಯಾಪ್ತಿಗೆ ಮನಃಶಾಸ್ತ್ರವೂ ಸೇರಿರುವುದರಿಂದ, ಅದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ಬೋಧಿಸುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗವು 2025ರ ಜುಲೈ-ಆಗಸ್ಟ್ ಪ್ರವೇಶಾವಧಿಯಿಂದ ನಿಷೇಧಿಸಿದೆ. ಹೀಗಾಗಿ ಹೊಸದಾಗಿ ಓದುವವರಿಗೆ ತರಗತಿಯ ವ್ಯಾಸಂಗವೇ ಗತಿಯಾಗಿದ್ದು, ಕೊಡಗಿನವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಮನಃಶಾಸ್ತ್ರ ವಿಭಾಗವು ಸಮೀಪದ ಆಯ್ಕೆಗಳಲ್ಲಿ ಒಂದಾಗಿದೆ.

ವಯಸ್ಸು ಮತ್ತು ಜೀವನಾನುಭವ ಈ ವೃತ್ತಿಯಲ್ಲಿ ಹೊರೆಯಲ್ಲ, ಬಂಡವಾಳ. ಕನ್ನಡದ ಜೊತೆಗೆ ಕೊಡವ, ಅರೆಭಾಷೆ, ಯರವ ನುಡಿಗಳು ಬಳಕೆಯಲ್ಲಿರುವ ಈ ಜಿಲ್ಲೆಯಲ್ಲಿ, ನೊಂದವರ ಮಾತನ್ನು ಅವರದೇ ಭಾಷೆಯಲ್ಲಿ ಆಲಿಸಬಲ್ಲ ಚಿಕಿತ್ಸಕರ ಬೆಲೆ ದೊಡ್ಡದು. ಆಸಕ್ತರು ಶುಲ್ಕ ಕಟ್ಟುವ ಮುನ್ನ ಕೋರ್ಸಿನ ಮಾನ್ಯತೆಯನ್ನು ಪರಿಷತ್ತಿನ ಪಟ್ಟಿಯಲ್ಲಿ ತಪ್ಪದೆ ಪರಿಶೀಲಿಸಬೇಕು.